ಹರಕೆಯಿಲ್ಲದ ಮುಡಿ

ನಮ್ಮ ಕಡೆ ಬೋಳು ತಲೆಯಲ್ಲಿ ಎರಡು ಬಗೆ. ಬೋಳಿಸಿಕೊಂಡದ್ದು ಒಂದು, ತಾನಾಗಿ ಉದುರಿ ಬೋಳಾದದ್ದು ಇನ್ನೊಂದು. ನಂಜನಗೂಡಿನಲ್ಲಿ ಕಪಿಲಾ ಹೊಳೆಯ ದಂಡೆಯಲ್ಲಿ ದೇವರಿಗೆ ಮುಡಿ ಕೊಟ್ಟು, ಮುಳುಗೆದ್ದು, ನುಣ್ಣನೆಯ ತಲೆಗೆ ಗಂಧ ಬಳಿದುಕೊಂಡು ಬಸ್ಸು ಹತ್ತಿದವನಿಗೆ ಜನ ಸರಿದು ಜಾಗ ಕೊಡುತ್ತಾರೆ. ಅದೇ ಬಸ್ಸಿಗೆ ಕೂದಲು ಉದುರಿದವನು ಹತ್ತಿದರೆ ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆನ್ನುತ್ತಾರೆ. ಒಬ್ಬ ಕೊಟ್ಟವನು, ಇನ್ನೊಬ್ಬ ಕಳೆದುಕೊಂಡವನು, ಅಷ್ಟೇ ವ್ಯತ್ಯಾಸ. ನಾನು ಎರಡನೆಯ ಬಗೆಯವನು. ಒಂದೇ ಒಂದು ಸಲ ಮೊದಲನೆಯ ಬಗೆಗೆ ಸೇರಿಕೊಳ್ಳಲು ಹೋದೆ. ಮದುವೆಯ ವಿಷಯವಾದ್ದರಿಂದ ಬೇರೆ ದಾರಿ ತೋಚಲಿಲ್ಲ.

ಕೂದಲು ಉದುರಲು ಶುರುವಾದಾಗ ನನಗೆ ಇಪ್ಪತ್ತೈದೂ ತುಂಬಿರಲಿಲ್ಲ. ಮೊದಲು ದಿಂಬಿನ ಮೇಲೆ, ಆಮೇಲೆ ಬಚ್ಚಲಿನ ಜಾಲರಿಯಲ್ಲಿ, ಕೊನೆಗೆ ಊಟದ ತಟ್ಟೆಯಲ್ಲೂ. ಕನ್ನಡಿಯ ಮುಂದೆ ನಿಂತು, ಹಿಂದೆ ಇನ್ನೊಂದು ಕನ್ನಡಿ ಹಿಡಿದು ನೆತ್ತಿ ನೋಡಿಕೊಳ್ಳುವುದನ್ನು ಕಲಿತೆ. ಮೊಬೈಲನ್ನು ತಲೆಯ ಮೇಲೆತ್ತಿ ಫೋಟೋ ತೆಗೆದು, ಹೋದ ವಾರದ ಫೋಟೋದ ಪಕ್ಕದಲ್ಲಿಟ್ಟು ನೋಡಿ, ಹಳೆಯದನ್ನು ಅಳಿಸಿಬಿಡುತ್ತಿದ್ದೆ. ಅವ್ವ ಗದ್ದೆ ಬದುವಿನಿಂದ ಗರಗದ ಸೊಪ್ಪು ತಂದು, ಅರೆದು, ಕೊಬ್ಬರಿ ಎಣ್ಣೆಯಲ್ಲಿ ಕಾಯಿಸಿ ಕೊಟ್ಟಳು. ಈರುಳ್ಳಿ ರಸ ಹಚ್ಚಿಕೊಂಡು ಮಲಗಿದ್ದೂ ಉಂಟು. ಕೂದಲು ಬರಲಿಲ್ಲ, ಮನೆಯವರು ಮಾತ್ರ ತಮ್ಮ ಹಾಸಿಗೆಗಳನ್ನು ಹಜಾರಕ್ಕೆ ಎಳೆದುಕೊಂಡು ಹೋದರು. ಅಪ್ಪನಿಗೆ ಅರವತ್ತು ದಾಟಿದ್ದರೂ ಬೆರಳು ತೂರದಷ್ಟು ಒತ್ತಾದ ಕೂದಲು. ಬೆಳಿಗ್ಗೆ ಅವರು ಬಾಚಣಿಗೆ ಹಿಡಿದು ನಿಂತರೆ ನನಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು.

ಇನ್ನು ಜನರ ವಿಷಯ ಕೇಳಲೇಬೇಡಿ. ದೇವನೂರಿನ ಕಡೆ ಯಾವ ನೆಂಟರ ಮನೆಗೆ ಹೋದರೂ ಕ್ಷೇಮ ವಿಚಾರಿಸುವ ಮೊದಲೇ ಅವರ ಕಣ್ಣು ನನ್ನ ಹಣೆ ದಾಟಿ ಮೇಲೆ ಹೋಗಿ, ಅಲ್ಲೊಂದು ಸುತ್ತು ಹಾಕಿ, ಏನೂ ಆಗಿಲ್ಲವೆಂಬಂತೆ ಕೆಳಗಿಳಿಯುತ್ತಿತ್ತು. ಬಾಯಲ್ಲಿ ಮಳೆ ಬೆಳೆಯ ಮಾತು, ಕಣ್ಣಿನದು ಬೇರೆಯೇ ಕೆಲಸ. ಕೆಲವರು ಅವ್ವನನ್ನು ಅಡುಗೆಮನೆಯ ಬಾಗಿಲಿಗೆ ಕರೆದು, ಬೇಗ ಎಲ್ಲಾದರೂ ನೋಡಿ ಮದುವೆ ಮಾಡಿಬಿಡಿ, ಪೂರ್ತಿ ಹೋಗುವುದರೊಳಗೆ, ಎಂದು ಬುದ್ಧಿ ಹೇಳುತ್ತಿದ್ದರು.

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿನಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿ ಸೀಟು ಹಿಡಿಯಬೇಕು. ಮದುವೆ ಮನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂರಬಾರದು. ವೀಡಿಯೋದವನು ದೀಪ ಹಿಡಿದು ಬಂದರೆ ಚಪ್ಪಲಿ ಹುಡುಕುವವನ ಹಾಗೆ ಎದ್ದು ಹೋಗಬೇಕು. ಸಿನಿಮಾ ಹೀರೋ ಥರ ಕಾಣಬೇಕು ಅನ್ನುವ ಹುಚ್ಚು ನನಗೆ ಯಾವತ್ತೂ ಇರಲಿಲ್ಲ. ನನ್ನ ಜೊತೆ ಮಾತಾಡುವವರು ನನ್ನ ಕಣ್ಣು ನೋಡಿ ಮಾತಾಡಲಿ ಅನ್ನಿಸುತ್ತಿತ್ತು. ಚೆಂದ ಕಾಣಬೇಕೆಂದು ಜನ ಯಾಕೆ ಒದ್ದಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿರುವ ಉತ್ತರ ಇದೊಂದೇ. ಚೆಂದ ಇರುವವರ ಮಾತನ್ನು ಜನ ಪೂರ್ತಿ ಕೇಳಿಸಿಕೊಳ್ಳುತ್ತಾರೆ.

ನನಗೆ ನೆಮ್ಮದಿ ಇದ್ದದ್ದು ಎರಡೇ ಕಡೆ. ಒಂದು ಹೆಲ್ಮೆಟ್ಟಿನ ಒಳಗೆ, ಇನ್ನೊಂದು ಕಾರ್ಖಾನೆಯ ಒಳಗೆ. ತಾಂಡ್ಯದಲ್ಲಿ ತಿಂಡಿ ಪೊಟ್ಟಣ ಕಟ್ಟುವ ಕಾರ್ಖಾನೆಯೊಂದರಲ್ಲಿ ನನಗೆ ಮಿಷಿನ್ ಓಡಿಸುವ ಕೆಲಸ. ಒಳಗೆ ಹೋಗುವ ಎಲ್ಲರೂ ತಲೆಗೆ ಬಿಳಿ ಟೋಪಿ, ಮುಖಕ್ಕೆ ಮಾಸ್ಕು ಹಾಕಲೇಬೇಕು. ಕೂದಲು ಇದ್ದವನೂ ಇಲ್ಲದವನೂ ಅಲ್ಲಿ ಒಂದೇ. ಊಟಕ್ಕೆ ಕೂತಾಗ ಉಳಿದವರು ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತಿದ್ದರು, ನಾನು ಮಾತ್ರ ತೆಗೆಯುತ್ತಿರಲಿಲ್ಲ. ಕೇಳಿದರೆ ಶೀತದ ಮೈ ಎನ್ನುತ್ತಿದ್ದೆ.

ನನ್ನ ಮಿಷಿನ್ನಿನ ತುದಿಯಲ್ಲಿ ಬರುವ ಪೊಟ್ಟಣಗಳನ್ನು ನೋಡಿ ಆರಿಸುವ ಕೆಲಸ ಒಬ್ಬ ಹುಡುಗಿಯದು. ಅಲ್ಲಿನ ಸದ್ದಿನಲ್ಲಿ ಕೂಗಿದರೂ ಕೇಳುವುದಿಲ್ಲ, ಎಲ್ಲಾ ಕೈಸನ್ನೆ. ಎರಡು ಬೆರಳು ಎತ್ತಿದರೆ ಸೀಲು ಬಿಡುತ್ತಿದೆ ಎಂದು, ಅಂಗೈ ತೋರಿಸಿದರೆ ನಿಲ್ಲಿಸು ಎಂದು, ತೋರುಬೆರಳನ್ನು ಗಾಳಿಯಲ್ಲಿ ಗುಂಡಗೆ ತಿರುಗಿಸಿದರೆ ಸರಿಹೋಯಿತು, ಓಡಿಸು ಎಂದು. ಬೆರಳಿನ ಜೊತೆ ಅವಳ ಕಣ್ಣೂ ಮಾತಾಡುತ್ತಿತ್ತು. ಮಿಷಿನ್ ಹಾಳಾದಾಗ ಹುಬ್ಬು ಗಂಟಿಕ್ಕುವುದು, ಸೂಪರ್‌ವೈಸರು ಬೈದು ಹೋದ ಮೇಲೆ ಕಣ್ಣಂಚಿನಲ್ಲೇ ನಗುವುದು. ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಅವಳ ಕಣ್ಣು ಬಿಟ್ಟು ಬೇರೇನೂ ನೋಡಲಿಲ್ಲ. ಊಟದ ಹೊತ್ತಿನಲ್ಲಿ ಅವಳು ಹೆಂಗಸರ ಮೇಜಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಗೇಟಿನ ಹೊರಗೆ ಧೂಳಿಗೆಂದು ದುಪಟ್ಟಾದಲ್ಲಿ ಮುಖ ಕಟ್ಟಿಕೊಂಡು ತಿ. ನರಸೀಪುರದ ಬಸ್ಸಿಗೆ ಕಾಯುತ್ತಿದ್ದಳು. ಮಾಸ್ಕಿನ ಕೆಳಗಿನ ಅರ್ಧ ಮುಖವನ್ನು ನಾನೇ ಬರೆದುಕೊಂಡುಬಿಟ್ಟಿದ್ದೆ. ಕಾಣದ್ದನ್ನು ಬರೆದುಕೊಳ್ಳುವಾಗ ಯಾರೂ ಜಿಪುಣತನ ಮಾಡುವುದಿಲ್ಲ.

ನಮ್ಮವರನ್ನು ನಿಮ್ಮ ಮನೆಗೆ ಹೆಣ್ಣು ಕೇಳಲು ಕಳಿಸಲಾ ಎಂದು ಒಂದು ದಿನ ಗೇಟಿನ ಹತ್ತಿರ ಹೆಲ್ಮೆಟ್ಟಿನ ಒಳಗಿನಿಂದಲೇ ಕೇಳಿದೆ. ದುಪಟ್ಟಾದ ಒಳಗಿನಿಂದ ಅವಳು, ಬಂದು ನೋಡಿ, ಆಮೇಲೆ ಮಾತು ಎಂದಳು. ಅವ್ವ ಯಾರ್ಯಾರನ್ನೋ ಹಿಡಿದು ವಿಚಾರಿಸಿದಳು. ಹೆಮ್ಮಿಗೆಯವರು, ನಮ್ಮಂತೆಯೇ ವ್ಯವಸಾಯದವರು, ಹಸು ಕಟ್ಟಿಕೊಂಡು ಹಾಲು ಹಾಕುವವರು, ನೆಂಟಸ್ತನಕ್ಕೆ ಅಡ್ಡಿಯಿಲ್ಲ. ಒಂದು ಭಾನುವಾರ ಹೆಣ್ಣು ನೋಡಲು ಬರುತ್ತೇವೆಂದು ಮಾತಾಯಿತು. ಆ ಗಳಿಗೆಯಿಂದ ನನ್ನ ಜೀವ ನೆತ್ತಿಯಲ್ಲಿ ಬಂದು ಕೂತಿತು. ಅವಳು ನನ್ನ ತಲೆ ನೋಡಿರಲಿಲ್ಲ. ನಾನು ಅವಳ ಮುಖಕ್ಕೆ ಬರೆದುಕೊಂಡ ಹಾಗೆ ಅವಳೂ ನನ್ನ ಟೋಪಿಯ ಕೆಳಗೆ ಏನೇನು ಬರೆದುಕೊಂಡಿದ್ದಾಳೋ. ಅಂಗಳಕ್ಕೆ ಕಾಲಿಟ್ಟ ತಕ್ಷಣ ಆ ಕಣ್ಣೂ ಎಲ್ಲರ ಕಣ್ಣಿನ ಹಾಗೆ ಮೇಲೆ ಹೋಗಿ ಸುತ್ತು ಹಾಕಿ ಬಂದರೆ ಅಲ್ಲಿಗೆ ಮುಗಿಯಿತು.

ಶನಿವಾರವೆಲ್ಲ ಅನ್ನ ಸೇರಲಿಲ್ಲ. ಭಾನುವಾರ ಬೆಳಿಗ್ಗೆ ಯಾರಿಗೂ ಹೇಳದೆ ಹೊಳೆ ದಂಡೆಗೆ ಹೋಗಿ ಮುಡಿ ಕೊಡುವವರ ಸಾಲಿನಲ್ಲಿ ಕೂತೆ. ಮುಂದೆ ಕೂತಿದ್ದವರು ಮಗುವಿನ ಹರಕೆ, ಆಪರೇಷನ್ನಿನ ಹರಕೆ ಎಂದು ಮಾತಾಡಿಕೊಳ್ಳುತ್ತಿದ್ದರು. ನನಗೆ ಹೇಳಿಕೊಳ್ಳಲು ಒಂದು ಹರಕೆಯೂ ಇರಲಿಲ್ಲ. ಇದ್ದಷ್ಟು ಕೂದಲು ನೆನೆಸಿ ತೆಗೆಯುವುದು ಎಷ್ಟು ಹೊತ್ತಿನ ಕೆಲಸ? ಎದ್ದು ಮುಳುಗಿ ಬಂದು ಗಂಧವನ್ನು ರೊಟ್ಟಿಯಷ್ಟು ದಪ್ಪಕ್ಕೆ ಬಳಿದುಕೊಂಡೆ. ಯಾಕೆಂದರೆ ಬೋಳಿಸಿದ ಮೇಲೂ ಕೂದಲಿದ್ದ ಜಾಗ ಕಪ್ಪಗೆ, ಇಲ್ಲದ ಜಾಗ ಮಿರಮಿರ ಎಂದು ಬೇರೆ ಬೇರೆಯಾಗಿ ಕಾಣುತ್ತದೆ. ಮನೆಗೆ ಬಂದಾಗ ಅಪ್ಪ ಬಾಯಿ ತೆರೆದು ನಿಂತರು. ಅವ್ವನಿಗೆ ಎಲ್ಲ ಅರ್ಥವಾಯಿತು, ಆದರೆ ಅವಳು ಬೈಯಲಿಲ್ಲ. ಸೆರಗಿನ ತುದಿಯಿಂದ ಗಂಧದ ಅಂಚು ಸರಿಮಾಡಿ ಹೊರಡೋಣ ಎಂದಳು.

ಬಸ್ಸಿನಲ್ಲಿ ತಿ. ನರಸೀಪುರದವರೆಗೆ ನಾನು ಕಿಟಕಿಯ ಪಕ್ಕ ಕೂತೆ. ಗಾಳಿಗೆ ಹೆದರದೆ ಕೂತದ್ದು ಎಷ್ಟೋ ವರ್ಷದ ಮೇಲೆ. ಒಬ್ಬರು ಮುದುಕರು ನನಗೆ ಕೈಮುಗಿದರು ಕೂಡ. ಅಲ್ಲಿಂದ ಆಟೋದಲ್ಲಿ ಹೆಮ್ಮಿಗೆ ಸೇರುವಷ್ಟರಲ್ಲಿ ಬಿಸಿಲಿಗೆ ಗಂಧ ಒಣಗಿ ಬಿರುಕು ಬಿಟ್ಟು ಅಂಗಿಯ ಮೇಲೆ ಉದುರಲು ಶುರುವಾಗಿತ್ತು. ಕೂದಲು ಹೋದರೂ ಉದುರುವ ಚಟ ಹೋಗಲಿಲ್ಲವಲ್ಲ ಎಂದು ನನ್ನ ತಲೆಯ ಮೇಲೆ ನನಗೇ ಕೋಪ ಬಂತು.

ಅವರ ಹಜಾರದಲ್ಲಿ ಚಾಪೆ ಹಾಸಿ ಕೂರಿಸಿದರು. ಅವಳ ಅಜ್ಜಿ, ಮನೆಯ ಮಾತೆಲ್ಲ ಆ ಮುದುಕಿಯದೇ ಎಂದು ಕೂತ ಗತ್ತಿನಲ್ಲೇ ಗೊತ್ತಾಗುತ್ತಿತ್ತು, ನನ್ನನ್ನು ಕಂಡು ಗಾಬರಿಯಾಗಿ ಎದೆಗೆ ಕೈಯಿಟ್ಟುಕೊಂಡರು. ನನ್ನ ಬುದ್ಧಿಗೆ ಹೊಳೆಯದೇ ಹೋದದ್ದು ಇದು. ನಮ್ಮಲ್ಲಿ ತಲೆ ಬೋಳಿಸುವುದು ಹರಕೆಗೂ ಹೌದು, ಸಾವಿಗೂ ಹೌದು.

"ಮನೇಲಿ ಯಾರಾರ ತೀರ್ಕಂಡ್ರಾ ಮಗಾ? ಸೂತ್ಕದಲ್ಲಿ ಎಣ್ಣು ನೋಡಕ್ಕೆ ಬಂದ್ರಾ?" ಎಂದು ಕೇಳಿದರು. ಹೆತ್ತವರು ಹೋದಾಗಲ್ಲವೇ ಮಗ ತಲೆ ಬೋಳಿಸುವುದು. ಎಲ್ಲರ ಕಣ್ಣೂ ಅಪ್ಪನ ಕಡೆ ತಿರುಗಿತು.

ಅಪ್ಪ ಕಾಫಿ ಲೋಟ ಕೆಳಗಿಟ್ಟು, "ನಾನಿನ್ನೂ ಇವ್ನಿ ಕಣವ್ವಾ" ಎಂದರು.

ಇಡೀ ಹಜಾರ ನಕ್ಕುಬಿಟ್ಟಿತು. ಅದೇ ಹೊತ್ತಿಗೆ ತಿಂಡಿಯ ತಟ್ಟೆ ಹಿಡಿದು ಒಳಗಿನಿಂದ ಬರುತ್ತಿದ್ದ ಅವಳಿಗೂ ನಗು ಬಂತು. ಎರಡು ಕೈಯಲ್ಲೂ ತಟ್ಟೆ. ಬಾಯಿಗೆ ಅಡ್ಡ ಹಿಡಿಯಲು ಕೈ ಇರಲಿಲ್ಲ. ಮೇಲಿನ ಹಲ್ಲು ಮುಂದಕ್ಕೆ ಉಬ್ಬಿ ಬಂದಿದ್ದವು, ನಕ್ಕಾಗ ಕೆಳತುಟಿಯ ಮೇಲೆ ಕೂರುತ್ತಿದ್ದವು. ನನ್ನ ಕಣ್ಣು ಅವಳ ಕಣ್ಣಿನಿಂದ ಇಳಿದು ಹಲ್ಲಿಗೆ ಹೋಗಿ, ಅಲ್ಲೊಂದು ಸುತ್ತು ಹಾಕಿ, ಮತ್ತೆ ಕಣ್ಣಿಗೆ ಬಂತು. ಅಷ್ಟರಲ್ಲಿ ಅವಳ ನಗು ಹೋಗಿತ್ತು. ಅವಳು ನೋಡಿಬಿಟ್ಟಿದ್ದಳು. ಯಾವ ನೋಟಕ್ಕೆ ಹೆದರಿ ನಾನು ಇಷ್ಟು ವರ್ಷ ಒದ್ದಾಡಿದ್ದೆನೋ ಅದೇ ನೋಟವನ್ನು ನಾನು ಅವಳ ಮನೆಯಲ್ಲಿ ಕೂತು ನೋಡಿದ್ದೆ. ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು.

ಅಷ್ಟರಲ್ಲಿ ಅವ್ವ ಅಜ್ಜಿಯನ್ನು ಸಮಾಧಾನ ಮಾಡಲು ಹೋಗಿ ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದಳು. ಸಾವೂ ಇಲ್ಲ ಸೂತಕವೂ ಇಲ್ಲ, ಈ ಮನೆ ಹೆಣ್ಣೇ ಸಿಗಲಿ ಎಂದು ಹುಡುಗ ನಂಜುಂಡಪ್ಪನಿಗೆ ಮುಡಿ ಕೊಟ್ಟು ಬಂದಿದ್ದಾನೆ ಎಂದು. ಕೆಲಸ ಆದರೆ ಮುಡಿ ಕೊಡುತ್ತೇನೆ ಎಂದು ಹರಸಿಕೊಳ್ಳುವವರನ್ನು ಅಜ್ಜಿ ಜೀವಮಾನವಿಡೀ ನೋಡಿದ್ದರು. ಕೆಲಸ ಆಗುವ ಮೊದಲೇ ಕೊಟ್ಟು ಬಂದವನನ್ನು ನೋಡಿರಲಿಲ್ಲ.

"ಕೊಟ್ಟೇ ಬುಟ್ಟವ್ನಾ?" ಎಂದು ಅಜ್ಜಿ ನನ್ನ ತಲೆಯನ್ನೇ ನೋಡುತ್ತ ಕೇಳಿದರು. "ದೇವ್ರು ಇಸ್ಕಂಡ್ಮೇಲೆ ನಾವು ಇಲ್ಲ ಅನ್ನಕಾದದಾ? ಆಯ್ತು ಬುಡಿ, ತಾಂಬೂಲ ತಕ್ಕಳಿ."

ಹುಡುಗ ಏನು ಓದಿದ್ದಾನೆ ಎಂದು ಯಾರೂ ಕೇಳಲಿಲ್ಲ, ಜಮೀನು ಎಷ್ಟಿದೆ ಎಂದೂ ಕೇಳಲಿಲ್ಲ. ನನ್ನ ಬೋಳು ತಲೆ ನೋಡಿಯೇ ಸಂಬಂಧ ಕುದುರಿಬಿಟ್ಟಿತ್ತು. ಅವ್ವನ ಮುಖ ಅರಳಿತು. ಎಲ್ಲರೂ ಒಪ್ಪಿದ್ದರು, ಅವಳನ್ನು ಯಾರೂ ಕೇಳಿರಲಿಲ್ಲ.

ಈಗಿನ ಪದ್ಧತಿಯಂತೆ ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ನಮ್ಮನ್ನು ಹಿತ್ತಲಿಗೆ ಕಳಿಸಿದರು. ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತ ಅವಳು ಈಗ ಬಾಯಿಗೆ ಸೆರಗು ಅಡ್ಡ ಹಿಡಿದಿರಲಿಲ್ಲ. ಹಿಂದೆ ನೋಡಲು ಬಂದವರ ಬಗ್ಗೆ ಹೇಳಿದಳು. ಯಾರೋ ಅವಳ ಹಲ್ಲಿನ ವಿಷಯ ಹೇಳಿ ಕಳಿಸಿರುತ್ತಾರಂತೆ. ಬಂದವರು ಕೂತ ತಕ್ಷಣ ಜೋಕು ಹೇಳಲು ಶುರುಮಾಡುತ್ತಾರಂತೆ, ಅವಳು ನಗಲಿ, ಹಲ್ಲು ಎಷ್ಟಿದೆ ನೋಡೋಣ ಎಂದು. ಹಾಗಾಗಿ ಅವಳು ಎಂಥ ಮಾತಿಗೂ ನಗದೆ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಇವತ್ತು ನನ್ನ ಅಪ್ಪ ಕೆಡಿಸಿದರು.

"ನೀವು ನನ್ ಹಲ್ಲು ನೋಡಿದ್ರಿ. ನೀವು ನೋಡಿದ್ದನ್ನ ನಾನೂ ನೋಡ್ದೆ," ಎಂದಳು. ನಾನು ತಲೆ ತಗ್ಗಿಸಿದೆ. ತಗ್ಗಿಸಿದರೆ ನೆತ್ತಿ ಕಾಣುತ್ತದೆಂದು ಹೊಳೆದು ಮತ್ತೆ ಎತ್ತಿದೆ. ಅವಳು ಬಿಡಲಿಲ್ಲ. "ಆ ಅರಕೆ ದಿಟ್ವಾ?"

ಸುಳ್ಳು ಹೇಳಬಹುದಾಗಿತ್ತು. ಒಳಗೆ ತಾಂಬೂಲದ ತಟ್ಟೆ ಸಿದ್ಧವಾಗುತ್ತಿತ್ತು. ಆದರೆ ಅಷ್ಟು ವರ್ಷದ ಒದ್ದಾಟದಲ್ಲಿ ನನಗೇ ಸುಸ್ತಾಗಿತ್ತು. ಹರಕೆಯೂ ಇಲ್ಲ ಏನೂ ಇಲ್ಲ, ಕೂದಲು ಉದುರಿಹೋಗಿದೆ, ನಿಮಗೆ ಕಾಣಬಾರದೆಂದು ಹೀಗೆ ಮಾಡಿದೆ ಎಂದೆ.

ಅವಳು ಹಸುವಿನ ಮುಂದಕ್ಕೆ ಒಂದು ಹಿಡಿ ಹುಲ್ಲು ತಳ್ಳಿದಳು. ಆಮೇಲೆ, "ಅಂಗಾದ್ರೆ ಬೆಳೀಲಿ. ಇರೋ ತಲೆ ಇದ್ದಂಗೇ ತೋರ್ಸಿ. ನೋಡಿ ಹೇಳ್ತೀನಿ," ಎಂದಳು. ಒಳಗೆ ಹೋಗಿ ಅಜ್ಜಿಗೆ, ಬೋಳು ತಲೆಯಲ್ಲಿ ಮಂಟಪದಲ್ಲಿ ಕೂರುವುದು ಚೆನ್ನಾಗಿರುವುದಿಲ್ಲ, ಕೂದಲು ಬಂದ ಮೇಲೆ ತಾಂಬೂಲ ಬದಲಾಯಿಸಿದರಾಯಿತು ಎಂದಳು. ಎಲ್ಲರಿಗೂ ಅದು ಸರಿಯೆನ್ನಿಸಿತು.

ಆ ನಂತರದ ದಿನಗಳ ಪಾಡು ಯಾರಿಗೂ ಬೇಡ. ಊರಿನಲ್ಲಿ ಎಲ್ಲರೂ ಮದುವೆ ಗೊತ್ತಾಯಿತಂತೆ ಎಂದು ಬೆನ್ನು ತಟ್ಟುತ್ತಿದ್ದರು. ನನಗೆ ಮಾತ್ರ ಏನೂ ಗೊತ್ತಾಗಿಲ್ಲವೆಂಬುದು ಗೊತ್ತಿತ್ತು. ಕಾರ್ಖಾನೆಯಲ್ಲಿ ಮತ್ತೆ ನನಗೆ ಟೋಪಿ, ಅವಳಿಗೆ ಮಾಸ್ಕು. ಎರಡು ಬೆರಳು, ಅಂಗೈ, ತಿರುಗುವ ತೋರುಬೆರಳು. ಕಣ್ಣು ಮಾತ್ರ ಒಂದು ಮಾತೂ ಬಿಟ್ಟುಕೊಡುತ್ತಿರಲಿಲ್ಲ. ಕೂದಲು ಕಿವಿಯ ಮೇಲೆ, ಹಿಂದಲೆಯಲ್ಲಿ ಹುಲುಸಾಗಿ ಎದ್ದಿತು. ನಡುವೆ ಮಾತ್ರ, ಸುತ್ತ ಬೇಲಿ ಹಾಕಿ ಒಳಗೆ ಬಿತ್ತನೆ ಮರೆತ ಹೊಲದ ಹಾಗೆ ಬಯಲು.

ಒಂದು ರಜೆಯ ದಿನ ತಡೆಯಲಾರದೆ ಮೈಸೂರಿಗೆ ಹೋದೆ. ತಲೆಗೆ ಅಂಟಿಸುವ ಕೂದಲಿನ ಅಂಗಡಿಯೊಂದರ ಮೆಟ್ಟಿಲು ಹತ್ತಿದೆ. ಕುರ್ಚಿಯಲ್ಲಿ ಕೂರಿಸಿ, ನೆತ್ತಿಯ ಮೇಲೆ ಒಂದನ್ನು ಇಟ್ಟು, ಬಾಚಿ, ಕನ್ನಡಿ ತಿರುಗಿಸಿದರು. ಚೆನ್ನಾಗಿದ್ದೆ. ಹೇಳಿದರೆ ನಂಬುವುದಿಲ್ಲ, ಅಷ್ಟು ಚೆನ್ನಾಗಿದ್ದೆ. ನೆಂಟರ ಮನೆಗಳಿಗೆಲ್ಲ ಹೀಗೇ ಹೋಗಿ ಅವರ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಇದನ್ನು ಹಾಕಿಕೊಂಡು ಹೋಗಿ ನನ್ನ ತಲೆ ಇದೇ ಎಂದರೆ ಅವಳಿಗೆ ಗೊತ್ತಾಗುವುದೂ ಇಲ್ಲ. ಆದರೆ ಮದುವೆಯಾದ ಮೇಲೆ? ಮನೆಯಲ್ಲೂ ಟೋಪಿಯೇ? ನೆಮ್ಮದಿ ಸಿಗಬಹುದಾದ ಮೂರನೆಯ ಜಾಗವನ್ನೂ ನಾನೇ ಕೈಯಾರೆ ಕಳೆದುಕೊಳ್ಳುತ್ತೇನಲ್ಲ ಎನ್ನಿಸಿ ಎದ್ದೆ. ತೆಗೆದುಕೊಟ್ಟು ಬರುವಾಗ ಕನ್ನಡಿಯ ಕಡೆ ಇನ್ನೊಮ್ಮೆ ತಿರುಗಿ ನೋಡಿದ್ದೂ ನಿಜ.

ಮಾರನೆಯ ದಿನ ಮಧ್ಯಾಹ್ನ ಪಾಳಿ ಬಿಟ್ಟಾಗ ಗೇಟಿನ ಆಚೆ, ಬಸ್ಸು ನಿಲ್ಲುವ ಹೊಂಗೆ ಮರದ ಕೆಳಗೆ ಬೈಕು ನಿಲ್ಲಿಸಿದೆ. ಅವಳು ಬಂದಳು. ಏನೂ ಮಾತಾಡದೆ ಮೊದಲು ದುಪಟ್ಟಾ ಬಿಚ್ಚಿದಳು. ನಾನು ಹೆಲ್ಮೆಟ್ ತೆಗೆದೆ. ಬೆವರಿಗೆ ಇದ್ದ ನಾಲ್ಕು ಕೂದಲೂ ಅಂಟಿಕೊಂಡಿದ್ದವು. ಎತ್ತು ಕೊಳ್ಳಲು ಬಂದವರ ಹಾಗೆ ಅವಳು ನನ್ನನ್ನು ಒಂದು ಸುತ್ತು ಬಂದಳು. ಹಿಂದೆ ನಿಂತಾಗ ಅವಳ ಮುಖ ಕಾಣಲಿಲ್ಲ. ಪಾಳಿ ಬಿಟ್ಟ ಜನವೆಲ್ಲ ನೋಡುತ್ತಲೇ ಹೋಗುತ್ತಿತ್ತು.

ಮುಂದೆ ಬಂದು, "ಇಷ್ಟಕ್ಕೇನಾ ನಂಜುಂಡಪ್ಪನ್ನ ಎಳ್ಕೊಂಡ್ ಬಂದಿದ್ದು?" ಎಂದಳು.

ಎಂದವಳಿಗೆ ತಾನೇ ತಡೆಯಲಾಗಲಿಲ್ಲ. ನಗು ಬಂತು. ಕೈ ಅಭ್ಯಾಸದಂತೆ ಬಾಯಿಯ ಕಡೆ ಎದ್ದಿತು, ಅರ್ಧದಲ್ಲಿ ನಿಂತಿತು. ಹಲ್ಲೆಲ್ಲ ಬಿಸಿಲಿಗೆ ತೆರೆದಿದ್ದವು. ಈ ಸಲ ನನ್ನ ಕಣ್ಣು ಅಲ್ಲಿಗೆ ಹೋದದ್ದು ಅಲ್ಲೇ ನಿಂತಿತು, ಅವಳೂ ಬೇಡವೆನ್ನಲಿಲ್ಲ. ಎದ್ದ ಕೈಯನ್ನು ಇಳಿಸದೆ ಅವಳು ತೋರುಬೆರಳನ್ನು ಗಾಳಿಯಲ್ಲಿ ಗುಂಡಗೆ ತಿರುಗಿಸಿದಳು. ಸರಿಹೋಯಿತು, ಓಡಿಸು.

ಮದುವೆಯಾಯಿತು. ಆಲ್ಬಮ್ ಬಂದಾಗ ಬಿಚ್ಚಿ ನೋಡಿದರೆ ಒಂದೊಂದು ಹಾಳೆಯಲ್ಲೂ ನನಗೆ ತಲೆ ತುಂಬ ಕೂದಲು, ಅವಳಿಗೆ ದಾಳಿಂಬೆ ಬೀಜ ಜೋಡಿಸಿದಂಥ ಹಲ್ಲು. ನಾವು ಕೇಳಿರಲೇ ಇಲ್ಲ. ಎಲ್ಲರೂ ಮಾಡಿಸುತ್ತಾರೆ, ಅದಕ್ಕೇ ನಾನೇ ಮಾಡಿಬಿಟ್ಟೆ ಎಂದು ಫೋಟೋದವನು ಸಂಭ್ರಮದಿಂದ ಹೇಳಿದ. ಅವ್ವನಿಗಂತೂ ಕಣ್ತುಂಬಿ ಬಂತು. ಹೆಂಡತಿ ಮಾತ್ರ ಪಟ್ಟುಹಿಡಿದು ಇದ್ದಂತೆ ಇರುವ ಒಂದು ಫೋಟೋ ಮಾಡಿಸಿ ಹಜಾರದಲ್ಲಿ ಹಾಕಿಸಿದಳು. ನನಗೆ ಆಗ, ನನ್ನ ಕೂದಲನ್ನಾದರೂ ಆಲ್ಬಮ್ಮಿನಲ್ಲಿದ್ದ ಹಾಗೇ ಬಿಡಲಿ ಎಂದು ಬಾಯಿಯ ತುದಿಯವರೆಗೂ ಬಂದಿತ್ತು. ಹೇಳಲಿಲ್ಲ. ಆಲ್ಬಮ್ ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರಿತು.

ಈಗಲೂ ಗಾಳಿ ಬೀಸಿದರೆ ನನ್ನ ಕೈ ತಲೆಗೆ ಹೋಗುತ್ತದೆ, ಹೊಸಬರು ಬಂದರೆ ಅವಳ ಕೈ ಬಾಯಿಗೆ. ಮೊನ್ನೆ ಮಧ್ಯಾಹ್ನ ಪಾಳಿ ಮುಗಿಸಿ ಬಂದಾಗ ಅವಳು ಮಂಚದ ಮೇಲೆ ಆ ಆಲ್ಬಮ್ ತೆರೆದು ಕೂತಿದ್ದಳು. ಫೋಟೋದ ಹೆಣ್ಣಿನ ಅರ್ಧ ಮುಖದ ಮೇಲೆ ಅಂಗೈ ಮುಚ್ಚಿ, ಬರೀ ಕಣ್ಣು ಬಿಟ್ಟಿದ್ದಳು. ನನ್ನನ್ನು ಕಂಡು ಆಲ್ಬಮ್ ಮಡಚಲಿಲ್ಲ. "ಇಷ್ಟು ಮಾತ್ರ ನಂದು, ನೋಡಿ," ಎಂದಳು. ನಾನು ಪಕ್ಕದಲ್ಲಿ ಕೂತು ಆ ಗಂಡಸಿನ ಕೂದಲ ಮೇಲೆ ಕೈಯಿಟ್ಟೆ. ಮುಚ್ಚಿದ್ದು ಬಿಟ್ಟು ಉಳಿದದ್ದು ನಾವೇ. ಆಮೇಲೆ ಇಬ್ಬರೂ ಒಟ್ಟಿಗೆ ಕೈ ತೆಗೆದು ಅವರಿಬ್ಬರನ್ನೂ ಇನ್ನೊಂದು ಸಲ ಪೂರ್ತಿ ನೋಡಿದೆವು. ಬಹಳ ಚೆನ್ನಾಗಿದ್ದರು. ಹೊಟ್ಟೆ ಉರಿಯಿತು.